ಮೊದಲ ಅಳತೆಯ ಖರ್ಚು

ಕೋಲಾರ ಸೀಮೆಯಲ್ಲಿ ಬಾಯಿಯ ಕ್ಯಾನ್ಸರ್ ಎಂದರೆ ಬಹುಮಟ್ಟಿಗೆ ಕೆನ್ನೆಯ ಒಳಪದರದ ಕ್ಯಾನ್ಸರ್. ಹೊಗೆಸೊಪ್ಪು, ಅಡಿಕೆ, ಸುಣ್ಣ ಕೂಡಿದ ಉಂಡೆಯನ್ನು ದವಡೆಯ ಮಗ್ಗುಲಿಗೆ ಒತ್ತಿಕೊಂಡು ರಾತ್ರಿಯಿಡೀ ಹಾಗೆಯೇ ಮಲಗುವ ರೂಢಿ ಇಲ್ಲಿಯ ಹಳ್ಳಿಗಳ ಹೆಂಗಸರಲ್ಲಿದೆ. ಉಂಡೆ ಕೂತ ಜಾಗದಲ್ಲೇ ಹುಣ್ಣು ಏಳುತ್ತದೆ. ಇದನ್ನು ವಾರವಾರವೂ ಕಾಣುವ ಶಸ್ತ್ರವೈದ್ಯರೊಬ್ಬರಿಗೆ ಒಂದು ಪ್ರಶ್ನೆ ಹೊಳೆಯಿತು ಎನ್ನೋಣ. ಬಹುಕಾಲದಿಂದ ಬಳಕೆಯಲ್ಲಿರುವ, ಪೇಟೆಂಟ್ ಮುಗಿದ, ಅಗ್ಗದ ಒಂದು ಮಾತ್ರೆಯನ್ನು ಶಸ್ತ್ರಚಿಕಿತ್ಸೆಯ ಹಿಂದುಮುಂದೆ ಕೆಲವು ವಾರ ಕೊಟ್ಟರೆ ರೋಗ ಮರುಕಳಿಸುವುದು ತಗ್ಗೀತೇ? ಇದಕ್ಕೆ ಔಷಧ ಕಂಪನಿ ದುಡ್ಡು ಹಾಕುವುದಿಲ್ಲ. ಉತ್ತರ ಹೌದೆಂದು ಬಂದರೂ ಅದಕ್ಕೆ ಲಾಭವಿಲ್ಲ. ಹಾಗಾದರೆ ದೆಹಲಿಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ, ಅಂದರೆ ಐಸಿಎಂಆರ್‌ಗೆ, ಅರ್ಜಿ ಹಾಕಬೇಕು. ಅಲ್ಲಿಯ ಪರಿಶೀಲಕರು ನ್ಯಾಯವಾಗಿಯೇ ಕೇಳುತ್ತಾರೆ: ನಿಮ್ಮಲ್ಲಿಗೆ ವರ್ಷಕ್ಕೆ ಇಂಥ ರೋಗಿಗಳು ಎಷ್ಟು ಬರುತ್ತಾರೆ, ಎಷ್ಟು ಮಂದಿ ಅಧ್ಯಯನಕ್ಕೆ ಒಪ್ಪುತ್ತಾರೆ, ಒಪ್ಪಿದವರಲ್ಲಿ ಎಷ್ಟು ಮಂದಿ ಎರಡು ವರ್ಷದ ಮೇಲೂ ತಪಾಸಣೆಗೆ ಬರುತ್ತಾರೆ, ಪ್ರಾಥಮಿಕ ದತ್ತಾಂಶ ಎಲ್ಲಿ? ಆ ದತ್ತಾಂಶ ಕೂಡಿಸಲು ಹಣ ಬೇಕು. ಹಣ ಸಿಗಲು ದತ್ತಾಂಶ ಬೇಕು. ಈ ಗಂಟನ್ನು ಹೊರಗಿನವರು ಯಾರೂ ಬಿಚ್ಚುವುದಿಲ್ಲ. ಆ ವೈದ್ಯರು ಕೆಲಸ ಮಾಡುವ ವಿಶ್ವವಿದ್ಯಾಲಯವೇ ತನ್ನ ಬೊಕ್ಕಸದಿಂದ ಮೊದಲ ಸಣ್ಣ ಮೊತ್ತ ಕೊಟ್ಟು ಬಿಚ್ಚಬೇಕು. ಆ ಮೊತ್ತದಿಂದ ಸಂಸ್ಥೆ ಕೊಳ್ಳುವುದು ಪ್ರಶ್ನೆಯ ಉತ್ತರವನ್ನಲ್ಲ. ಆ ಪ್ರಶ್ನೆಯನ್ನು ಈ ನೆಲದಲ್ಲಿ, ಈ ಜನರ ನಡುವೆ ಕೇಳಲು ಸಾಧ್ಯವೇ ಎಂಬ ತಿಳಿವನ್ನು. ಇಷ್ಟನ್ನು ಒಪ್ಪಿಕೊಂಡರೆ ಅನುದಾನ ಯಾರಿಗೆ ಕೊಡಬೇಕು, ಯಾವುದಕ್ಕೆ ಕೊಡಬಾರದು, ಕೊಟ್ಟ ಮೇಲೆ ಏನು ಕೇಳಬೇಕು ಎಂಬುದೆಲ್ಲ ಬದಲಾಗಬೇಕಾಗುತ್ತದೆ ಎನ್ನುವುದೇ ಈ ಉಪನ್ಯಾಸದ ವಾದ.

ಕೋಲಾರದಲ್ಲಿ ಈ ಮಾತು ಯಾರನ್ನು ಉದ್ದೇಶಿಸಿದ್ದು ಎಂಬುದರಲ್ಲಿ ಗೊಂದಲವಿಲ್ಲ. ಆರ್.ಎಲ್. ಜಾಲಪ್ಪನವರು ಮುಂದೆ ನಿಂತು ಹಿಂದುಳಿದ ವರ್ಗಗಳ ಹೆಸರಿನಲ್ಲಿ ಕಟ್ಟಿದ ಟ್ರಸ್ಟು 1986ರಲ್ಲಿ ಟಮಕದಲ್ಲಿ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜನ್ನು ಆರಂಭಿಸಿತು. 2007ರಲ್ಲಿ ಅದಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ಬಂತು. ಅಲ್ಲಿಂದಾಚೆಗೆ ಪಠ್ಯ, ಪರೀಕ್ಷೆ, ಪದವಿಗಳ ಜೊತೆಗೆ ಸಂಶೋಧನೆಯ ಆದ್ಯತೆಯನ್ನೂ ಟಮಕದಲ್ಲೇ ಕೂತು ಗೊತ್ತುಮಾಡುವ ಅಧಿಕಾರ, ಅದರ ಜೊತೆಗೆ ಹೊಣೆ, ಬಂದವು. ಇಂಥ ಸ್ಥಾನ ಪಡೆದ ಸಂಸ್ಥೆಗಳನ್ನು ಅಳೆಯುವ ನ್ಯಾಕ್ ತಂಡ, ಅಧ್ಯಾಪಕರಿಗೆ ಎಷ್ಟು ಬೀಜಧನ ಕೊಟ್ಟಿರಿ ಎಂದು ಕೇಳಿ ಅಂಕ ಹಾಕುತ್ತದೆ. ಕೇಳುವುದು ಒಳ್ಳೆಯದೇ. ಆದರೆ ಅಂಕ ಬರುವುದು ಕೊಟ್ಟ ಮೊತ್ತಕ್ಕೆ. ಅದರಿಂದ ಯಾವ ಪ್ರಶ್ನೆ ಒಂದು ಹೆಜ್ಜೆ ಮುಂದೆ ಹೋಯಿತು ಎಂಬುದಕ್ಕಲ್ಲ. ಹೀಗಾದಾಗ ದೇಶದ ಯಾವ ಕಾಲೇಜಿನಲ್ಲೇ ಆಗಲಿ ಈ ಹಣವನ್ನು ದೇವಸ್ಥಾನದ ಚರುಪಿನ ಹಾಗೆ ಎಲ್ಲ ವಿಭಾಗಗಳಿಗೂ ಒಂದೊಂದು ಹಿಡಿ ಹಂಚಿಬಿಡುವ ಆಸೆ ಹುಟ್ಟುತ್ತದೆ. ಯಾರಿಗೂ ಬೇಸರವಿಲ್ಲ, ಯಾರ ಹೊಟ್ಟೆಯೂ ತುಂಬುವುದಿಲ್ಲ.

ಸಣ್ಣ ಮೊದಲ ಅಳತೆ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ನಮ್ಮ ಜಿಲ್ಲೆಯ ನೆಲದೊಳಗೇ ಒಂದು ದೃಷ್ಟಾಂತವಿದೆ. ಅದು ವೈದ್ಯಕೀಯದ್ದಲ್ಲ, ಭೌತವಿಜ್ಞಾನದ್ದು. 1951ರಲ್ಲಿ ಹೋಮಿ ಭಾಭಾ ಅವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣ, ನಂಜನಗೂಡು ಕಡೆಯ ಬಿ.ವಿ. ಶ್ರೀಕಂಠನ್ ಅವರನ್ನು ಗೈಗರ್ ಕೌಂಟರುಗಳ ಜೊತೆ ಕೆಜಿಎಫ್‌ನ ಚಿನ್ನದ ಗಣಿಗೆ ಇಳಿಸಿದರು. ಕೇಳಿದ್ದು ಸರಳ ಪ್ರಶ್ನೆ: ಆಕಾಶದಿಂದ ಬರುವ ಮ್ಯೂಆನ್ ಕಣಗಳು ಆಳಕ್ಕೆ ಹೋದಂತೆ ಎಷ್ಟೆಷ್ಟು ಕಡಿಮೆಯಾಗುತ್ತವೆ? ವರ್ಷಗಳು ಕಳೆದಂತೆ ಇನ್ನೂ ಆಳಕ್ಕೆ, ಇನ್ನೂ ಆಳಕ್ಕೆ ಉಪಕರಣಗಳು ಇಳಿದವು. 1960ರ ದಶಕದ ಆರಂಭದಲ್ಲಿ ಎರಡೂವರೆ ಕಿಲೋಮೀಟರಿಗೂ ಕೆಳಗಿನ ಮಟ್ಟದಲ್ಲಿ ಸುಮಾರು ಎರಡು ತಿಂಗಳು ಉಪಕರಣ ಕಾದು ಕೂತಿತು. ಒಂದೇ ಒಂದು ಮ್ಯೂಆನ್ ದಾಖಲಾಗಲಿಲ್ಲ. ಇಂದಿನ ಸಾಮಾನ್ಯ ಅನುದಾನ ಸಮಿತಿಯ ಮುಂದೆ ಆ ವರದಿ ಇಟ್ಟಿದ್ದರೆ ‘ಫಲಿತಾಂಶ: ಶೂನ್ಯ’ ಎಂದು ಕಡತ ಮುಚ್ಚುತ್ತಿದ್ದರೋ ಏನೋ. ಆದರೆ ಆ ಶೂನ್ಯವೇ ದೊಡ್ಡ ಸುದ್ದಿಯಾಗಿತ್ತು. ಇಲ್ಲಿ ಬೇರೆ ಕಣಗಳ ಗದ್ದಲವಿಲ್ಲ, ಹಾಗಾಗಿ ಬಂಡೆಯನ್ನೇ ತೂರಿಬರುವ ನ್ಯೂಟ್ರಿನೋವನ್ನು ಹಿಡಿಯಬೇಕಾದರೆ ಜಗತ್ತಿನಲ್ಲಿ ಇದಕ್ಕಿಂತ ತಕ್ಕ ಜಾಗ ಕಡಿಮೆ ಎಂದು ಅದು ಹೇಳಿತು. ಅದರ ಬಲದ ಮೇಲೆ ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳು ಕೈಜೋಡಿಸಿದವು. 1965ರಲ್ಲಿ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋದ ಪತ್ತೆ ಕೆಜಿಎಫ್‌ನಿಂದ ವರದಿಯಾಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಇನ್ನೊಂದು ಚಿನ್ನದ ಗಣಿಯಿಂದಲೂ ಪ್ರತ್ಯೇಕವಾಗಿ ಅಂಥದೇ ವರದಿ ಬಂತು. ಕೊನೆಯ ಹಂತಕ್ಕೆ ದೊಡ್ಡ ಹಣ, ದೊಡ್ಡ ಹೆಸರುಗಳು ಬಂದದ್ದು ಸರಿ. ಆದರೆ ಅವೆಲ್ಲ ಬರುವಂತೆ ಮಾಡಿದ್ದು ಮನೆಯ ಸಂಸ್ಥೆಯೇ ಕಳಿಸಿ ಮಾಡಿಸಿದ ಅಳತೆಗಳು, ಅವುಗಳಲ್ಲಿ ಒಂದರ ಶೂನ್ಯ. ಮನುಷ್ಯರ ಮೈಯನ್ನು ಬಂಡೆಯ ಹಾಗೆ ಅಳೆಯಲು ಬರುವುದಿಲ್ಲ ಎಂಬುದು ನಿಜ, ಆ ಮಾತಿಗೆ ಮುಂದೆ ಬರುತ್ತೇನೆ. ಮೊದಲ ಹಂತದ ಕೆಲಸವನ್ನು ತೂಗುವ ತಕ್ಕಡಿ ಯಾವುದಿರಬೇಕು ಎಂಬ ಮಟ್ಟಿಗೆ ಈ ದೃಷ್ಟಾಂತ ಸಾಕು.

ವೈದ್ಯಕೀಯದ ಮೊದಲ ಅಳತೆಗಳು ಇನ್ನೂ ನೆಲಕ್ಕಂಟಿದವು. ಮಾಲೂರಿನಿಂದ ರೈಲು ಹತ್ತಿದವರು ಬೇಗನೆ ಬೆಂಗಳೂರು ಮುಟ್ಟುತ್ತಾರೆ. ವೈಟ್‌ಫೀಲ್ಡಿನ ಆಸ್ಪತ್ರೆಗಳು ಅವರಿಗೆ ಟಮಕದಷ್ಟೇ ಹತ್ತಿರ. ಮುಳಬಾಗಿಲಿನ ಆಚೆಗಿನವರು ಚಿತ್ತೂರು, ವೆಲ್ಲೂರಿನ ಕಡೆ ತಿರುಗುತ್ತಾರೆ. ಶ್ರೀನಿವಾಸಪುರದ ರಾಯಲ್ಪಾಡಿನ ಭಾಗದವರಿಗೆ ಮದನಪಲ್ಲಿ ಹತ್ತಿರ. ಮಾವಿನ ಕಾಲ ಬಂತೆಂದರೆ ಮೇ ತಿಂಗಳಿಂದ ಜುಲೈವರೆಗೆ ಶ್ರೀನಿವಾಸಪುರದ ತೋಟ, ಮಂಡಿಗಳನ್ನು ಬಿಟ್ಟು ‘ತಪಾಸಣೆಗೆ ಬನ್ನಿ’ ಎಂದರೆ ಬರುವವರು ಯಾರು? ಮುಳಬಾಗಿಲು, ಶ್ರೀನಿವಾಸಪುರಗಳ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಓದುವುದು ಕನ್ನಡ, ಅಥವಾ ಓದೇ ಇಲ್ಲ. ಅವರ ಮುಂದೆ ಇಂಗ್ಲಿಷಿನಿಂದ ಕಷ್ಟಪಟ್ಟು ಕನ್ನಡಕ್ಕಿಳಿಸಿದ ಒಪ್ಪಿಗೆ ಪತ್ರ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ಒಪ್ಪಿಗೆ ಎನ್ನಲಾದೀತೇ? ಎಷ್ಟು ರೋಗಿಗಳು ತಿರುಗಿ ಬರುತ್ತಾರೆ, ಯಾವ ತಿಂಗಳಲ್ಲಿ ಬರುವುದಿಲ್ಲ, ಯಾವ ಭಾಷೆಯಲ್ಲಿ ಹೇಳಿದರೆ ತಿಳಿಯುತ್ತದೆ, ಬಸ್ಸಿನ ಖರ್ಚು ಕೊಟ್ಟರೆ ಬರುವವರ ಸಂಖ್ಯೆ ಏರುತ್ತದೆಯೇ: ಇವು ಬೆಂಗಳೂರಿನ, ದೆಹಲಿಯ ಯಾವ ಪುಸ್ತಕದಲ್ಲೂ ಸಿಗದ ಸಂಗತಿಗಳು. ದೊಡ್ಡ ಅಧ್ಯಯನಗಳು ಕುಸಿಯುವುದು ಹೆಚ್ಚಾಗಿ ಇವುಗಳಲ್ಲೇ. ಮೂಲ ಕಲ್ಪನೆ ಸರಿಯಿಲ್ಲದೆ ಕುಸಿಯುವುದು ಕಡಿಮೆ. ಆದ್ದರಿಂದ ಒಳಗಿನ ಅನುದಾನದ ಹಣ ಯಂತ್ರ ಕೊಳ್ಳಲು ಬೇಡ ಎನ್ನುತ್ತೇನೆ. ಯಂತ್ರ ಕೊಡಲು ಬೇರೆ ಯೋಜನೆಗಳಿವೆ, ಫಲಕ ಹಾಕಿಸಿಕೊಳ್ಳುವ ದಾನಿಗಳೂ ಇದ್ದಾರೆ. ಈ ಹಣ ಹೋಗಬೇಕಾದದ್ದು ತೆಲುಗು ಬಲ್ಲ ಕ್ಷೇತ್ರ ಸಹಾಯಕಿಯ ಸಂಬಳಕ್ಕೆ, ರೋಗಿಯ ಬಸ್ ಚಾರ್ಜಿಗೆ, ಕಳೆದುಹೋದ ದಿನಗೂಲಿಗೆ, ಸಂಖ್ಯಾಶಾಸ್ತ್ರಜ್ಞರ ಸಮಯಕ್ಕೆ. ಮತ್ತು ಓಪಿಡಿ, ವಾರ್ಡು, ಪಾಠಗಳ ನಡುವೆ ಸಿಕ್ಕಿಕೊಂಡ ಅಧ್ಯಾಪಕರಿಗೆ ವಾರದಲ್ಲಿ ಅರ್ಧ ದಿನವನ್ನಾದರೂ ಬಿಡಿಸಿಕೊಡುವುದಕ್ಕೆ. ಕೊನೆಯದು ಎಲ್ಲಕ್ಕಿಂತ ದುಬಾರಿ. ಬಜೆಟ್ ಪತ್ರದಲ್ಲಿ ಅದಕ್ಕೊಂದು ಕಾಲಮ್ಮೂ ಇರುವುದಿಲ್ಲ.

ಸಣ್ಣ ಅಧ್ಯಯನಗಳನ್ನು ನಂಬುವಂತಿಲ್ಲ, ಅವುಗಳಿಂದ ಗೊಂದಲವೇ ಹೆಚ್ಚು ಎಂಬ ಆಕ್ಷೇಪ ವಿಜ್ಞಾನದೊಳಗಿನಿಂದಲೇ ಬರುತ್ತದೆ. ಇದು ಗಟ್ಟಿಯಾದ ಆಕ್ಷೇಪ. ಲೆಕ್ಕ ಹಾಕಿ ನೋಡೋಣ. ಒಂದು ರೋಗದಲ್ಲಿ ನೂರಕ್ಕೆ 20 ಮಂದಿ ಸಾಯುತ್ತಿದ್ದು, ಹೊಸ ಚಿಕಿತ್ಸೆ ಅದನ್ನು 15ಕ್ಕೆ ಇಳಿಸುತ್ತದೆಯೇ ಎಂದು ತಿಳಿಯಬೇಕಾದರೆ ರೂಢಿಯ ಸಂಖ್ಯಾಶಾಸ್ತ್ರದ ಪ್ರಕಾರ ಒಂದೊಂದು ಗುಂಪಿಗೆ ಸುಮಾರು 900 ರೋಗಿಗಳು ಬೇಕು, ಅಂದರೆ ಒಟ್ಟು 1800. ಅರವತ್ತು ರೋಗಿಗಳ ಅಧ್ಯಯನದಲ್ಲಿ ‘ಔಷಧ ಗೆದ್ದಿತು’ ಎಂದು ಬರೆಯುವುದು ಜೂಜಿಗೆ ಸಮ. ಕೀಟನಾಶಕ ವಿಷದ ಚರಿತ್ರೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಟೊಮ್ಯಾಟೊ, ಮಾವು, ಸೊಪ್ಪು ತರಕಾರಿಗಳ ಈ ಜಿಲ್ಲೆಗೆ ಅದು ಹೊರಗಿನ ವಿಷಯವೇನಲ್ಲ. ಆರ್ಗನೋಫಾಸ್ಫರಸ್ ವಿಷ ಸೇವಿಸಿದವರಿಗೆ ಕೊಡುವ ಪ್ರಾಲಿಡಾಕ್ಸಿಮ್ ಔಷಧದ ಬಗ್ಗೆ 2006ರಲ್ಲಿ ಮಹಾರಾಷ್ಟ್ರದ ಬಾರಾಮತಿಯ ಒಂದು ಆಸ್ಪತ್ರೆಯ ವೈದ್ಯರು 200 ರೋಗಿಗಳ ಅಧ್ಯಯನವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು: ಆ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಎಡೆಬಿಡದೆ ಹನಿಸಿದರೆ ಬಿಟ್ಟುಬಿಟ್ಟು ಕೊಡುವುದಕ್ಕಿಂತ ಒಳ್ಳೆಯದು ಎಂದು. 2009ರಲ್ಲಿ ಶ್ರೀಲಂಕಾದಲ್ಲಿ 235 ರೋಗಿಗಳ ಮೇಲೆ ನಡೆದ ಅಧ್ಯಯನ ಅದೇ ಔಷಧದಿಂದ ಪ್ರಯೋಜನ ಕಾಣಲಿಲ್ಲ ಎಂದಿತು. ಇಬ್ಬರಲ್ಲಿ ಯಾರು ಸರಿ? ರೋಗಿಗಳು ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದರು, ಯಾವ ರಾಸಾಯನಿಕ ಕುಡಿದಿದ್ದರು, ತೀವ್ರ ನಿಗಾ ಘಟಕ ಹೇಗಿತ್ತು ಎಂಬುದರ ಮೇಲೆ ಉತ್ತರ ನಿಂತಿದೆ. ಜಿಲ್ಲೆಯ ಮಟ್ಟದ ಆಸ್ಪತ್ರೆಯೊಂದು ಜಗತ್ತು ಕಿವಿಗೊಡುವ ಪ್ರಶ್ನೆ ಎತ್ತಬಲ್ಲದು ಎಂಬುದು ಈ ಕಥೆಯ ಒಂದು ಮುಖ. ಅದೇ ಆಸ್ಪತ್ರೆ ಒಂಟಿಯಾಗಿ ಕೊನೆಯ ತೀರ್ಪು ಕೊಡಲಾರದು ಎಂಬುದು ಇನ್ನೊಂದು.

ಆಕ್ಷೇಪ ನಿಜ ಎಂದ ಮೇಲೆ ಸಣ್ಣ ಅನುದಾನ ವ್ಯರ್ಥವೇ? ಅಲ್ಲ. ಸಣ್ಣ ಅಧ್ಯಯನಕ್ಕೆ ದೊಡ್ಡ ಪ್ರಶ್ನೆ ಹೊರಿಸುವುದು ತಪ್ಪು. ಸಣ್ಣ ಅಧ್ಯಯನ ಮಾಡುವುದು ತಪ್ಪಲ್ಲ. ಅದೇ ಅರವತ್ತು ರೋಗಿಗಳಲ್ಲಿ 45 ಮಂದಿ ಆರು ತಿಂಗಳ ತಪಾಸಣೆಗೆ ತಿರುಗಿ ಬಂದರೆ, ದೊಡ್ಡ ಅಧ್ಯಯನದಲ್ಲಿ ತಿರುಗಿ ಬರುವವರ ಪ್ರಮಾಣ ನೂರಕ್ಕೆ ಸುಮಾರು 64ರಿಂದ 86ರ ನಡುವೆ ಇರಬಹುದು ಎಂದು ಸಾಕಷ್ಟು ಭರವಸೆಯಿಂದ ಹೇಳಬಹುದು. ದೊಡ್ಡ ಅಧ್ಯಯನಕ್ಕೆ ಎಷ್ಟು ರೋಗಿಗಳನ್ನು ಸೇರಿಸಬೇಕು, ಎಷ್ಟು ಹಣ ಕೇಳಬೇಕು ಎಂದು ಗೊತ್ತುಮಾಡಲು ಅಷ್ಟು ಸಾಕು. ವಿಷ ಕುಡಿದವರು ಆಸ್ಪತ್ರೆಯ ಬಾಗಿಲಿಗೆ ಬರುವುದು ಎರಡು ಗಂಟೆಯೊಳಗೋ ಹತ್ತು ಗಂಟೆಯ ಮೇಲೋ ಎಂಬುದನ್ನು ನಿಷ್ಠೆಯಿಂದ ಬರೆದಿಟ್ಟ ಒಂದು ವರ್ಷದ ಪುಸ್ತಕ, ಬಾರಾಮತಿ ಮತ್ತು ಶ್ರೀಲಂಕಾಗಳಲ್ಲಿ ಯಾವುದರ ಪಾಠ ಕೋಲಾರಕ್ಕೆ ಹೊಂದೀತು ಎಂದು ಹೇಳುತ್ತದೆ. ಹೀಗಾಗಿ ಒಳಗಿನ ಅನುದಾನದ ಅರ್ಜಿಯಲ್ಲಿ ‘ಈ ಔಷಧ ಗುಣ ಕೊಡುತ್ತದೆಂದು ಸಾಬೀತು ಮಾಡುತ್ತೇವೆ’ ಎಂಬ ವಾಕ್ಯ ಕಂಡರೆ ಸಮಿತಿ ಅದನ್ನು ವಾಪಸು ಕಳಿಸಬೇಕು. ‘ಇಂಥದ್ದನ್ನು ಎಣಿಸುತ್ತೇವೆ, ಎಣಿಕೆ ಇಷ್ಟಕ್ಕಿಂತ ಕಡಿಮೆ ಬಂದರೆ ಮುಂದುವರಿಯುವುದಿಲ್ಲ’ ಎಂದು ಮೊದಲೇ ಬರೆದ ಅರ್ಜಿ ಕೈಹಿಡಿಯಲು ಯೋಗ್ಯ. ಪ್ರಯೋಗದ ಸ್ವರೂಪ ಇದ್ದರೆ ಮೊದಲ ರೋಗಿಯನ್ನು ಸೇರಿಸುವ ಮುನ್ನವೇ ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಬೇಕು. 2018ರ ಏಪ್ರಿಲ್ 1ರಿಂದ ಆ ನೋಂದಣಿ ಮುಂಚಿತವಾಗಿ ಬಂದ ಅಧ್ಯಯನಗಳನ್ನಷ್ಟೇ ಸೇರಿಸಿಕೊಳ್ಳುತ್ತಿದೆ. ಬಾಣ ಬಿದ್ದ ಮೇಲೆ ಗುರಿಯ ಸುತ್ತ ಗೆರೆ ಎಳೆಯುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದು ಇನ್ನೂ ಬಂದಿಲ್ಲ.

ಹಣವನ್ನು ರೋಗಿಗಳ ಚಿಕಿತ್ಸೆಗೇ ಹಾಕಬಾರದೇಕೆ, ವಿದ್ಯಾರ್ಥಿಗಳ ಶುಲ್ಕದಿಂದ ಬಂದ ಹಣದಲ್ಲಿ ಅಧ್ಯಾಪಕರ ಪ್ರಬಂಧಗಳೇಕೆ ಎಂದು ಕೇಳುವವರಿದ್ದಾರೆ. ಬಡವರ ಆಸ್ಪತ್ರೆಯ ಹಾಸಿಗೆ ಕಣ್ಣಿಗೆ ಕಾಣುತ್ತದೆ, ಸಂಶೋಧನೆ ಕಾಣುವುದಿಲ್ಲ. ಹಾಗಾಗಿ ಈ ಪ್ರಶ್ನೆಗೆ ನೈತಿಕ ಬಲವಿದೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಒಂದು ಕೆಲಸ ಇದಕ್ಕೆ ನನಗೆ ತೋಚುವ ನೇರ ಉತ್ತರ. ಬಾಯಿಯ ಕ್ಯಾನ್ಸರ್ ಇನ್ನೂ ಆರಂಭದಲ್ಲಿದ್ದು ಕುತ್ತಿಗೆಯಲ್ಲಿ ಗಂಟು ಕಾಣದಿದ್ದಾಗ, ಆ ಭಾಗದ ಗ್ರಂಥಿಗಳನ್ನು ಮೊದಲ ಶಸ್ತ್ರಚಿಕಿತ್ಸೆಯಲ್ಲೇ ತೆಗೆಯಬೇಕೇ, ಗಂಟು ಎದ್ದ ಮೇಲೆ ತೆಗೆದರೆ ಸಾಕೇ ಎಂದು ಜಗತ್ತಿನ ಶಸ್ತ್ರವೈದ್ಯರು ದಶಕಗಳ ಕಾಲ ಚರ್ಚಿಸುತ್ತಿದ್ದರು. 2004ರಿಂದ 2014ರವರೆಗೆ ಅಲ್ಲಿ 596 ರೋಗಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಮೊದಲ 500 ಮಂದಿಯ ಫಲಿತಾಂಶ 2015ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು: ಮೊದಲೇ ತೆಗೆದವರಲ್ಲಿ ಮೂರು ವರ್ಷ ಬದುಕುಳಿದವರು ನೂರಕ್ಕೆ 80, ಕಾದು ತೆಗೆದವರಲ್ಲಿ 67.5. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಎಲ್ಲ ಕಡೆ ನಡೆಯುವ ಶಸ್ತ್ರಚಿಕಿತ್ಸೆಯನ್ನು ಯಾವಾಗ ಮಾಡಬೇಕು ಎಂಬುದಷ್ಟೇ. ಅದಕ್ಕೆ ಹಣ ಕೊಟ್ಟದ್ದು ಟಾಟಾ ಸ್ಮಾರಕ ಕೇಂದ್ರವೇ. ಆ ಹಣದಲ್ಲಿ ಒಂದಷ್ಟು ಹಾಸಿಗೆಗಳನ್ನು ಹಾಕಬಹುದಿತ್ತು, ನಿಜ. ಆದರೆ ಆ ಉತ್ತರದಿಂದ ಬದುಕಿಕೊಂಡವರು ಮುಂಬಯಿಯಲ್ಲಷ್ಟೇ ಇಲ್ಲ; ಟಮಕದ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಮಲಗುವ ಕೋಲಾರದ ಹೆಂಗಸಿಗೂ ಅದರ ಪಾಲು ಸಲ್ಲುತ್ತದೆ. ಇದು ಮೊದಲ ಹಂತದ ಅಧ್ಯಯನವಲ್ಲ, ಪೂರ್ಣ ಪ್ರಯೋಗ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಮನೆಯ ಹಣ ಎಂದರೆ ಕೀಳು ಹಣ, ಹೊರಗಿನ ಹಣ ಬಂದರೆ ಮಾತ್ರ ಮರ್ಯಾದೆ ಎಂಬ ಭ್ರಮೆಯನ್ನಂತೂ ಅದು ಮುರಿಯುತ್ತದೆ.

ಒಳಗಿನವರೇ ಒಳಗಿನವರಿಗೆ ಹಂಚಿಕೊಂಡರೆ ಪಕ್ಷಪಾತವಾಗದೇ? ಆಗುತ್ತದೆ, ಆಗದಂತೆ ಕಟ್ಟಬೇಕು. ಕಟ್ಟುವ ಮಾದರಿ ಕಾನೂನಿನಲ್ಲೇ ಸಿದ್ಧವಿದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಆಸ್ಪತ್ರೆಯ ನೈತಿಕ ಸಮಿತಿಯ ಅಧ್ಯಕ್ಷರು ಹೊರಗಿನವರಾಗಿರಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಸಂಸ್ಥೆಗೆ ಸೇರದವರಿರಬೇಕು. ಅನುದಾನ ಸಮಿತಿಗೂ ಇದೇ ನಿಯಮ ಹಚ್ಚಿದರೆ ಆಯಿತು. ವಿಭಾಗದ ಮುಖ್ಯಸ್ಥರ ಹೆಸರು ಮುಚ್ಚಿಟ್ಟು ಅರ್ಜಿ ಓದುವ ವ್ಯವಸ್ಥೆಗೆ ಖರ್ಚೂ ಇಲ್ಲ. ಯಾರಿಗೆ, ಯಾವ ಪ್ರಶ್ನೆಗೆ, ಎಷ್ಟು ಕೊಟ್ಟೆವು, ಅದು ಏನಾಯಿತು ಎಂಬುದನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಪ್ರಕಟಿಸಿದರೆ ಮಿಕ್ಕ ಕೆಲಸವನ್ನು ಜಿಲ್ಲೆಯ ಪತ್ರಕರ್ತರು ನೋಡಿಕೊಳ್ಳುತ್ತಾರೆ.

ಹೆಚ್ಚು ಯೋಚಿಸಬೇಕಾದ ಆಕ್ಷೇಪ ಬೇರೆಯದು: ಬಡ ರೋಗಿಗಳನ್ನು ಪ್ರಯೋಗದ ಇಲಿಗಳಾಗಿಸುತ್ತೀರಾ? ಅದೇ 2019ರ ನಿಯಮಗಳಲ್ಲಿ ಇನ್ನೊಂದು ಸಂಗತಿಯಿದೆ. ಈಗಾಗಲೇ ಮಂಜೂರಾದ ಔಷಧವನ್ನು ಬೇರೆ ರೋಗಕ್ಕೋ ಬೇರೆ ಪ್ರಮಾಣದಲ್ಲೋ ಪರೀಕ್ಷಿಸುವ, ಮಾರಾಟದ ಉದ್ದೇಶವಿಲ್ಲದ ಶೈಕ್ಷಣಿಕ ಪ್ರಯೋಗಕ್ಕೆ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಬೇಕಿಲ್ಲ. ನೈತಿಕ ಸಮಿತಿ ಒಪ್ಪಿದರೆ ಸಾಕು. ಇದು ಟಮಕದಂಥ ಸಂಸ್ಥೆಗೆ ದೊಡ್ಡ ಅನುಕೂಲ. ಅಷ್ಟೇ ದೊಡ್ಡ ಅಪಾಯವೂ ಹೌದು, ಏಕೆಂದರೆ ಹಣ ಕೊಡುವವರು, ಸಂಶೋಧಿಸುವವರು, ಕಾಯುವವರು ಒಂದೇ ಆವರಣದಲ್ಲಿರುತ್ತಾರೆ. ಹಾಗಾಗಿ ಒಳಗಿನ ಅನುದಾನದ ಪ್ರತಿಯೊಂದು ಬಜೆಟ್ಟಿನಲ್ಲೂ ಅಧ್ಯಯನದಿಂದ ತೊಂದರೆಯಾದವರ ಚಿಕಿತ್ಸೆ ಮತ್ತು ಪರಿಹಾರದ ವಿಮೆಗೆ ಹಣ ತೆಗೆದಿಡದ ಹೊರತು ಒಂದು ರೂಪಾಯಿಯೂ ಬಿಡುಗಡೆಯಾಗಬಾರದು. ಇದಿಲ್ಲದೆ ಸಂಶೋಧನೆ ನಡೆಸುವುದಕ್ಕಿಂತ ನಡೆಸದಿರುವುದೇ ಲೇಸು. ಅಷ್ಟು ಹೇಳಿ ಇನ್ನೊಂದು ಕಡೆಯನ್ನೂ ನೋಡಬೇಕು. ಬೇರೆಡೆಯ ರೋಗಿಗಳ ಮೇಲೆ ಪರೀಕ್ಷಿಸಿದ ಚಿಕಿತ್ಸೆಯನ್ನು ಇಲ್ಲಿಯ ಮೈಗೆ, ಇಲ್ಲಿಯ ನೀರಿಗೆ, ಇಲ್ಲಿಯ ದುಡಿಮೆಗೆ ಹೊಂದುತ್ತದೆಯೇ ಎಂದು ಕೇಳದೆ ಕೊಡುತ್ತಾ ಹೋಗುವುದೂ ಒಂದು ಪ್ರಯೋಗವೇ, ಲೆಕ್ಕವಿಡದ ಪ್ರಯೋಗ. ಗಣಿ ಕೆಲಸಗಾರರ ಶ್ವಾಸಕೋಶದಲ್ಲಿ ಸಿಲಿಕಾ ದೂಳು ಏನು ಮಾಡಿತು ಎಂಬುದು ಜಗತ್ತಿಗೆ ತಿಳಿದದ್ದರಲ್ಲಿ 1940ರ ದಶಕದಲ್ಲಿ ಕೆಜಿಎಫ್ ವೈದ್ಯರು ತೆಗೆದ ಎಕ್ಸ್-ರೇಗಳ ಪಾಲಿದೆ. ಎಣಿಸದೆ ಇದ್ದಿದ್ದರೆ ಆ ಸಾವುಗಳು ‘ದಮ್ಮಿನ ಕಾಯಿಲೆ’ ಎಂಬ ಹೆಸರಿನಲ್ಲೇ ಮಣ್ಣಾಗುತ್ತಿದ್ದವು.

ಹೊಸ ಹಣವಿಲ್ಲದೆಯೂ ಆಗಬಹುದಾದ ಒಂದು ಕೆಲಸವಿದೆ. ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ವರ್ಷದಲ್ಲಿ ಪ್ರಬಂಧ ಬರೆಯಲೇಬೇಕು. ಒಬ್ಬರು ಬರೆದು ಹೋದ ಮೇಲೆ ಮುಂದಿನವರು ಬೇರೆ ವಿಷಯ ಹಿಡಿಯುತ್ತಾರೆ, ಮೂರು ವರ್ಷದ ದತ್ತಾಂಶ ಗ್ರಂಥಾಲಯದ ಕಪಾಟಿಗೆ ಸೇರುತ್ತದೆ. ಒಂದು ವಿಭಾಗ ಹತ್ತು ವರ್ಷಕ್ಕೆ ಒಂದೇ ಪ್ರಶ್ನೆ ಆರಿಸಿಕೊಂಡು, ಒಂದಾದ ಮೇಲೊಂದು ಪ್ರಬಂಧ ಅದನ್ನೇ ಮುಂದಕ್ಕೆ ಒಯ್ಯುವಂತೆ ಮಾಡಿ, ಒಳಗಿನ ಅನುದಾನವನ್ನು ಆ ಸರಪಳಿಗೆ ಕೊಟ್ಟರೆ ಚಿಕ್ಕ ಹಣ ದೊಡ್ಡದಾಗುತ್ತದೆ. ವಿದ್ಯಾರ್ಥಿಯ ಸ್ವಾತಂತ್ರ್ಯಕ್ಕೆ ಧಕ್ಕೆ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಈಗಿರುವ ಸ್ವಾತಂತ್ರ್ಯದಲ್ಲಿ ವಿಷಯ ಆರಿಸುವುದು ಹೆಚ್ಚಿನ ಪಾಲು ಮಾರ್ಗದರ್ಶಕರೇ.

ಒಳಗಿನ ಹಣಕ್ಕೆ ಹೊರಗಿನ ಯಾವ ಹಣಕ್ಕೂ ಇಲ್ಲದ ಒಂದು ಗುಣವಿದೆ, ಅದು ವೇಗ. ಹೊರಗಿನ ಅನುದಾನಕ್ಕೆ ಅರ್ಜಿ, ಪರಿಶೀಲನೆ, ಮಂಜೂರಾತಿ, ಬಿಡುಗಡೆಗಳಲ್ಲಿ ವರ್ಷ ಕಳೆಯುತ್ತದೆ. ಮನೆಯ ಸಮಿತಿ ಮನಸ್ಸು ಮಾಡಿದರೆ ತಿಂಗಳೊಳಗೆ ಕೆಲಸ ಶುರು. ಕೋಲಾರದ ನೀರಿನ ವಿಷಯದಲ್ಲಿ ಈ ವೇಗವೇ ಎಲ್ಲ. ಸಾವಿರ ಅಡಿ ದಾಟಿದ ಕೊಳವೆ ಬಾವಿಗಳು, ಅವುಗಳಲ್ಲಿ ಫ್ಲೋರೈಡ್, ಕೆಲವೆಡೆ ಯುರೇನಿಯಂ. ಈ ಕಥೆಯನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ನಮ್ಮ ದೇಶದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾದದ್ದು 1937ರಲ್ಲಿ ನೆಲ್ಲೂರಿನಿಂದ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮೀರಬಾರದು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಈಗ ಈ ಜಿಲ್ಲೆಯ ನೀರು ಬದಲಾಗುತ್ತಿದೆ. 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ತ್ಯಾಜ್ಯ ನೀರು ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 440 ದಶಲಕ್ಷ ಲೀಟರು, ಮೊದಲ ಹಂತಕ್ಕೆ 126 ಕೆರೆಗಳು ಎಂಬುದು ಯೋಜನೆಯ ಲೆಕ್ಕ. ಅಂತರ್ಜಲ ಏರಿದ್ದಕ್ಕೆ ರೈತರು ಸಂತೋಷಪಟ್ಟರು. ನೀರಿನ ಗುಣದ ಮೇಲೆ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆ ವಾದದಲ್ಲಿ ನಾನು ಇಲ್ಲಿ ಯಾವ ಪಕ್ಷವನ್ನೂ ಹಿಡಿಯುತ್ತಿಲ್ಲ. ಹೇಳುವುದಿಷ್ಟೇ: ಕೆರೆಯ ಸುತ್ತಲ ಜನರ ಮೈಯಲ್ಲಿ ಏನು ಬದಲಾಯಿತು ಎಂದು ತಿಳಿಯಬೇಕಾದರೆ ನೀರು ಬರುವ ಮುನ್ನಿನ ಮಾದರಿ ಬೇಕು, ನೀರು ಬಂದ ಮೇಲೆ ಕೋಟಿ ಸುರಿದರೂ ಹಿಂದಿನ ವರ್ಷದ ಮೂತ್ರ, ರಕ್ತ ಸಿಗುವುದಿಲ್ಲ.

ಅಂಥ ಅವಕಾಶ ಇನ್ನೂ ಪೂರ್ತಿ ಕೈತಪ್ಪಿಲ್ಲ. ಬಂಗಾರಪೇಟೆ ತಾಲ್ಲೂಕಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ ಯರಗೋಳ್ ಅಣೆಕಟ್ಟು 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದರ ನೀರನ್ನು ಉದ್ದೇಶಿಸಿರುವುದು ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ. ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳು ಆ ಪಟ್ಟಿಯಲ್ಲಿಲ್ಲ. ಒಂದೇ ಜಿಲ್ಲೆ, ಒಂದೇ ಬಗೆಯ ಬಂಡೆ, ಹೆಚ್ಚುಕಡಿಮೆ ಒಂದೇ ಊಟ. ಒಂದು ಕಡೆ ಕೊಳವೆ ಬಾವಿಯ ಬದಲು ನದಿಯ ನೀರು, ಇನ್ನೊಂದು ಕಡೆ ಹಳೆಯದೇ. ಯಾವ ಪ್ರಯೋಗಾಲಯವೂ ಕಟ್ಟಿಕೊಡಲಾರದ ಹೋಲಿಕೆ ಇದು. ಮೂಳೆಯಲ್ಲಿ ಕೂತ ಫ್ಲೋರೈಡ್ ಹೊರಬರಲು ವರ್ಷಗಳು ಬೇಕು, ಮೂತ್ರದಲ್ಲಿ ಬದಲಾವಣೆ ಅದಕ್ಕಿಂತ ಬೇಗ ಕಾಣುತ್ತದೆ. ಎಷ್ಟು ಬೇಗ, ಯಾವ ವಯಸ್ಸಿನವರಲ್ಲಿ ಎಷ್ಟು ಎಂಬುದು ತಿಳಿದರೆ ಕೀಲು ನೋವು, ಬೆನ್ನು ಬಿಗಿತಗಳಿಂದ ಬರುವ ಫ್ಲೋರೋಸಿಸ್ ರೋಗಿಗೆ ನೀರು ಬದಲಿಸಿ ಎಂದಷ್ಟೇ ಹೇಳುವ ವೈದ್ಯರು, ಇಷ್ಟು ತಿಂಗಳಲ್ಲಿ ಇಷ್ಟು ಗುಣ ನಿರೀಕ್ಷಿಸಿ ಎಂದೂ ಹೇಳಬಲ್ಲರು. ಇದಕ್ಕೆ ಬೇಕಾದದ್ದು ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡು, ಮಾದರಿ ಸೀಸೆಗಳು, ಕ್ಷೇತ್ರ ಸಹಾಯಕಿಯರು, ಒಂದು ಜೀಪು. ಪಶ್ಚಿಮ ಘಟ್ಟದಿಂದ ಎತ್ತಿನಹೊಳೆಯ ನೀರೆತ್ತುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಸಿಕ್ಕಿದೆ. ಅದರ ಕೊನೆಯ ಗುರಿಗಳಲ್ಲಿ ಕೋಲಾರ ಜಿಲ್ಲೆಯೂ ಒಂದು. ಆ ನೀರು ಕೋಲಾರದ ನಲ್ಲಿಗಳಿಗೆ ಬರುವ ಮುನ್ನ ಮುಳಬಾಗಿಲು ಮತ್ತು ಶ್ರೀನಿವಾಸಪುರದ ಶಾಲಾ ಮಕ್ಕಳ, ಹಿರಿಯರ ಮೂತ್ರದ ಮಾದರಿಗಳನ್ನು ಹೆಸರು, ವಯಸ್ಸು, ಕುಡಿಯುವ ನೀರಿನ ಮೂಲ ಸಮೇತ ದಾಖಲಿಸಿ ತಣ್ಣನೆಯ ಪೆಟ್ಟಿಗೆಯಲ್ಲಿ ಕಾಯ್ದಿಡುವ ಕೆಲಸಕ್ಕೆ ಟಮಕದ ವಿಶ್ವವಿದ್ಯಾಲಯ ಮುಂದಿನ ಆಂತರಿಕ ಅನುದಾನದಲ್ಲೇ ಹಣ ತೆಗೆದಿಡಲಿ ಎಂದು ಕೇಳಿಕೊಳ್ಳುತ್ತೇನೆ.